ಡಬ್ಬಿಯೊಳಗಿನ ಸದ್ದು

ಶೀಳನೆರೆಯ ತಿಮ್ಮೇಶ ಆ ಮಂಗಳವಾರ ಬೆಳಗಿನ ಇಡ್ಲಿಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದ. ದೇವಲಾಪುರದ ಬೀಗರೂಟದಲ್ಲಿ ಅವನ ಗಿಟಾರು ಜನರ ಕಿವಿಗೆ ಬಿದ್ದರೆ ಆರ್ಕೆಸ್ಟ್ರಾದಲ್ಲಿ ಅವನ ಜಾಗ ಉಳಿಯುತ್ತಿತ್ತು, ಬೀಳದಿದ್ದರೆ ಇಲ್ಲ. ಆರ್ಕೆಸ್ಟ್ರಾದ ಯಜಮಾನ ನಾಗರಾಜು ಇದನ್ನು ಬಾಯಿಬಿಟ್ಟೇ ಹೇಳಿದ್ದ. ಆರ್ಕೆಸ್ಟ್ರಾದಲ್ಲೇ ನುಡಿಸುತ್ತಿದ್ದ ತನ್ನ ತಂಗಿಯ ಮಗಳು ಅನುವಿಗೆ ನಾಗರಾಜು ಹೊಸ ಕೀಬೋರ್ಡು ಕೊಡಿಸಿದ್ದ. ಅದರಲ್ಲಿ ಒಂದು ಗುಂಡಿ ಒತ್ತಿದರೆ ಕೊಳಲು, ಇನ್ನೊಂದು ಒತ್ತಿದರೆ ಶಹನಾಯಿ. ಗಿಟಾರೂ ಇತ್ತು, ಆದರೆ ಅದು ಉಪ್ಪಿಲ್ಲದ ಸಾರು ಎಂದು ಅವನೇ ಒಪ್ಪಿಕೊಂಡಿದ್ದ. ಸದ್ಯಕ್ಕೆ ತಿಮ್ಮೇಶನ ಜಾಗ ಆ ಸಪ್ಪೆತನದ ಮೇಲೆ ನಿಂತಿತ್ತು.

ಹೊಟ್ಟೆಪಾಡಿಗೇನೂ ಕೊರತೆ ಇರಲಿಲ್ಲ. ಮನೆಯಲ್ಲಿ ಹಸುಗಳಿದ್ದವು, ಡೈರಿಗೆ ಹಾಲು ಹೋಗುತ್ತಿತ್ತು. ಆದರೆ ಹಾಲು ಹಾಕಿ ಬರುವವನನ್ನು ಯಾರು ತಿರುಗಿ ನೋಡುತ್ತಾರೆ? ವೇದಿಕೆಯ ಮೇಲೆ ನಿಂತಾಗ ಮಾತ್ರ ತಾನೂ ಒಬ್ಬ ಮನುಷ್ಯ ಅನ್ನಿಸುತ್ತಿತ್ತು ಅವನಿಗೆ. ಅದು ಹೋದರೆ ಉಳಿಯುವುದು ಹಾಲಿನ ಕ್ಯಾನು ಅಷ್ಟೆ.

ಅವನ ಆಯುಧವೆಂದರೆ ಒಂದು ಸ್ಟೀಲ್ ತಿಂಡಿ ಡಬ್ಬಿ. ಕೆಟ್ಟ ರೇಡಿಯೋದಿಂದ ಕಿತ್ತ ಟ್ರಾನ್ಸಿಸ್ಟರುಗಳನ್ನು ಅದರೊಳಗೆ ಕೂರಿಸಿ ತಾನೇ ಮಾಡಿದ ಫಜ್ ಪೆಡಲು. ಗಿಟಾರಿನ ವೈರನ್ನು ಅದಕ್ಕೆ ಸಿಕ್ಕಿಸಿ ಕಾಲಲ್ಲಿ ಮೆಟ್ಟಿದರೆ ನಯವಾದ ಸದ್ದು ಒರಟಾಗಿ, ಹರಕು ಹರಕಾಗಿ ಹೊರಡುತ್ತಿತ್ತು. ಆದರೆ ಆ ಸದ್ದು ತೀರಾ ಮೂಗಿನಲ್ಲಿತ್ತು, ಕಣಜದ ಹುಳುವಿಗೆ ನೆಗಡಿಯಾದ ಹಾಗೆ. ಯಜಮಾನನ ಮುಂದೆ ಇದನ್ನು ನುಡಿಸಲು ಅವನಿಗೇ ನಾಚಿಕೆಯಾಯಿತು. ಡಬ್ಬಿಯೊಳಗೆ ಸದ್ದು ಹಾದುಹೋಗುವ ದಾರಿಯಲ್ಲಿ ಕಡಲೆಬೀಜದಷ್ಟು ಗಾತ್ರದ ಒಂದು ಕೆಪಾಸಿಟರ್ ಇತ್ತು. ಅದು ಚಿಕ್ಕದಾದಷ್ಟೂ ಸದ್ದು ಕೀಚಲು, ದೊಡ್ಡದಾದಷ್ಟೂ ಗಂಭೀರ. ಹಿಂದಿನ ದಿನ ಮಧ್ಯಾಹ್ನವೆಲ್ಲ ಕೂತು, ಅದನ್ನು ತೆಗೆಯದೆ, ಅದರ ಹೆಗಲಿಗೆ ದೊಡ್ಡದೊಂದನ್ನು ಬೆಸುಗೆ ಹಾಕಿದ. ಆಹಾ, ಕೋಣೆ ತುಂಬಿಹೋಯಿತು. ಒಲೆಯ ಮುಂದಿದ್ದ ಹೆಂಡತಿ ಪೂಜ ಎದ್ದು ಬಂದು, ಈಗ ಕೇಳೋ ಹಂಗಾಯ್ತು ಎಂದಳು. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎನ್ನುತ್ತಾರೆ ಹಿರಿಯರು. ಇವನು ಸದ್ದನ್ನೂ ತನ್ನಿಚ್ಛೆಯಂತೆ ಮಾಡಿಕೊಂಡಿದ್ದ. ಕೇಳುವವರು ಶಾಮಿಯಾನದಲ್ಲಿರುತ್ತಾರೆ ಎಂಬುದು ಪುಣ್ಯಾತ್ಮನಿಗೆ ಹೊಳೆಯಲಿಲ್ಲ.

ದೇವಲಾಪುರದ ಶಾಮಿಯಾನದಲ್ಲಿ ಮುದ್ದೆಯ ಹಬೆ, ಮಟನ್ ಸಾರಿನ ಘಮ, ಜನರೇಟರಿನ ಗುಡುಗುಡು, ಬಡಿಸುವವರ ಕೂಗು ಎಲ್ಲವೂ ಒಟ್ಟಿಗಿದ್ದವು. ಮೊದಲ ಹಾಡು ಶುರುವಾಯಿತು. ತಿಮ್ಮೇಶನ ಪಾಳಿ ಬಂದಾಗ ಡಬ್ಬಿ ಮೆಟ್ಟಿ ಮೈಮರೆತು ನುಡಿಸಿದ. ಕಣ್ಣು ತೆರೆದರೆ ಕೆಳಗೆ ನಿಂತ ನಾಗರಾಜು ಕಿವಿಯ ಹಿಂದೆ ಅಂಗೈ ಹಿಡಿದು ಸದ್ದೆಲ್ಲಿ ಎಂಬಂತೆ ನೋಡುತ್ತಿದ್ದಾನೆ. ತಿಮ್ಮೇಶ ವಾಲ್ಯೂಮು ಏರಿಸಿದ. ಇನ್ನೂ ಏರಿಸಿದ. ಏರಿಸಿದಷ್ಟೂ ಅದು ಡ್ರಮ್ಮಿನ ಗುಮ್ಮೆನ್ನುವ ಸದ್ದಿನೊಳಗೆ ಸೇರಿಹೋಯಿತೇ ಹೊರತು ಈಚೆಗೆ ಬರಲಿಲ್ಲ. ಮನೆಯಲ್ಲಿ ಕೋಣೆ ತುಂಬಿದ್ದ ಗಾಂಭೀರ್ಯ ಇಲ್ಲಿ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗಿತ್ತು.

ಪಂಕ್ತಿ ಏಳುವ ಹೊತ್ತಿಗೆ ನಾಗರಾಜು ಹತ್ತಿರ ಬಂದ. ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು.

"ಏನ್ಲಾ, ಬರೀ ಕೈ ಆಡ್ತಾ ಅದೆ? ಇನ್ನೊಂದು ಪಂಕ್ತಿ ಅದೆ, ನೋಡ್ತೀನಿ. ಆಮೇಲೆ ನನ್ನ ಅನ್ಬ್ಯಾಡ."

ತಿಮ್ಮೇಶ ಡಬ್ಬಿ ಎತ್ತಿಕೊಂಡು ವೇದಿಕೆಯ ಹಿಂದಕ್ಕೆ ಓಡಿದ. ತಪ್ಪೇನೆಂದು ಅವನಿಗೆ ಈಗ ಗೊತ್ತಾಗಿತ್ತು. ದಪ್ಪ ಸದ್ದು ಮಾಡಲು ಅಲ್ಲಿ ಡ್ರಮ್ಮಿತ್ತು, ಬೇಸ್ ಗಿಟಾರಿತ್ತು. ಆ ಗದ್ದಲದ ನಡುವೆ ತೂರಿಕೊಂಡು ಬರಲು ಬೇಕಿದ್ದುದು ಅದೇ ನೆಗಡಿಯ ಕಣಜ. ನಿನ್ನೆ ಹಾಕಿದ ಕೆಪಾಸಿಟರಿನ ತಂತಿಯ ಕಾಲುಗಳಲ್ಲಿ ಒಂದನ್ನು ಕತ್ತರಿಸಿದರೆ ಹಳೆಯದು ವಾಪಸ್ಸು. ಆದರೆ ಎಳೆದು ಕಿತ್ತರೆ ಬೆಸುಗೆಯೊಂದಿಗೆ ಹಳೆಯದೂ ಕಿತ್ತುಬಂದು ಡಬ್ಬಿ ಪೂರಾ ಮೂಕವಾಗುತ್ತಿತ್ತು. ಕತ್ತರಿ ಬೇಕು, ಅದೂ ಈ ಗಳಿಗೆಯಲ್ಲಿ.

ಚಾಪೆಯ ಮೇಲೆ ಗೌರಮ್ಮ ಎಂಬ ಮುದುಕಿ ಕೂತು, ಉಂಡವರಿಗೆ ಎಲೆಯಡಿಕೆ ಕೊಡಲು ಅಡಕತ್ತರಿಯಲ್ಲಿ ಅಡಿಕೆ ಹೋಳು ಮಾಡುತ್ತಿದ್ದಳು. ತಿಮ್ಮೇಶ ಅವಳೆದುರು ಮಂಡಿಯೂರಿ ಕೇಳಿದ. ತಂತಿ ಕತ್ತರಿಸಿದರೆ ಬಾಯಿ ಮೊಂಡಾಗುತ್ತದೆ ಎಂದು ಅಜ್ಜಿ ಮೊದಲು ಅಡಕತ್ತರಿಯನ್ನು ಸೆರಗಿನೊಳಗೆ ಎಳೆದುಕೊಂಡಳು. ಆಮೇಲೆ ಅವನ ಮುಖ ನೋಡಿ ಏನನ್ನಿಸಿತೋ, ಕೊಟ್ಟಳು.

"ಉಸಾರಾಗಿ ಕತ್ತರ್ಸು ಮಗ. ಬೆಳ್ಳು ಹೋದಾತು."

ಹೊಸದರ ಕಾಲೂ ಹಳೆಯದರ ಕಾಲೂ ಕೂದಲೆಳೆಯಷ್ಟು ದೂರದಲ್ಲಿದ್ದವು. ವೇದಿಕೆಯಲ್ಲಿ ಅನು ಮುಂದಿನ ಹಾಡಿನ ಸ್ವರ ಹಿಡಿದಾಗಿತ್ತು. ಮನೆದೇವರನ್ನು ನೆನೆದು ಅಡಕತ್ತರಿ ಒತ್ತಿದ. ಟಕ್ಕೆಂದಿತು. ಕತ್ತರಿಸಿದ್ದು ಹೊಸದನ್ನೋ ಹಳೆಯದನ್ನೋ ನೋಡಲೂ ಧೈರ್ಯವಾಗದೆ ಮುಚ್ಚಳ ಹಾಕಿಕೊಂಡು ಓಡಿದ.

ಡಬ್ಬಿ ಮೆಟ್ಟಿದ. ಕರ್ಕಶವಾದ, ಮೂಗಿನ, ಅವನಿಗೇ ನಾಚಿಕೆ ತರಿಸಿದ್ದ ಆ ಸದ್ದು ಡ್ರಮ್ಮು, ಜನರೇಟರು, ಸಾರಿನ ಬಕೆಟ್ಟು ಎಲ್ಲವನ್ನೂ ಸೀಳಿಕೊಂಡು ಶಾಮಿಯಾನದ ಆಚೆ ತುದಿ ಮುಟ್ಟಿತು. ಮೂಳೆ ಚೀಪುತ್ತಿದ್ದವರು ಚೀಪುವುದನ್ನು ಬಿಟ್ಟು ತಲೆ ಎತ್ತಿದರು. ಯಾರೋ ಶಿಳ್ಳೆ ಹಾಕಿದರು. ನಾಗರಾಜು ಎರಡೂ ಕೈ ಮೇಲೆತ್ತಿ ನಗುತ್ತಿದ್ದ. ಆ ಹಾಡಿಡೀ ತಿಮ್ಮೇಶನಿಗೆ ಕಾಲು ನೆಲದ ಮೇಲಿದ್ದ ನೆನಪಿಲ್ಲ. ಬದುಕಿದೆ ಎಂದುಕೊಂಡ.

ಊಟ ಮುಗಿದು ಜನ ಚದುರಿದ ಮೇಲೆ ನಾಗರಾಜು ಅವನ ಬೆನ್ನು ತಟ್ಟಿದ. ಅಂಥ ಸದ್ದು ತಾನು ಈ ಸೀಮೆಯಲ್ಲೇ ಕೇಳಿಲ್ಲವೆಂದ. ಗಿಟಾರು ಕಟ್ಟುವ ಮುಂಚೆ ಅನುವಿಗೆ ಒಂದೊಂದೇ ಸ್ವರ ನುಡಿಸಿಕೊಡು ಎಂದ. ತಿಮ್ಮೇಶ ಹಿಗ್ಗಿನಲ್ಲೇ ಕೂತು, ಅನು ಹೇಳಿದಂತೆ ಡಬ್ಬಿಯ ವೈರನ್ನು ಕೀಬೋರ್ಡಿಗೆ ಸಿಕ್ಕಿಸಿದ. ಕೆಳಗಿನ ಸ್ವರ ನುಡಿಸಿದ. ಅನು ಸದ್ದನ್ನು ಹಿಡಿದಿಡುವ ಗುಂಡಿ ಒತ್ತಿ, ಆಮೇಲೆ ಒಂದು ಮನೆಯ ಮೇಲೆ ಬೆರಳಿಟ್ಟಳು. ಕೀಬೋರ್ಡಿನಿಂದ ಅವನ ಕಣಜ ಹೊರಟಿತು.

ಇದ್ಯಾಕೆ ಎಂದು ಕೇಳಿದ. ಪಾಂಡವಪುರದ ಪ್ರೋಗ್ರಾಮಿಗೆ ಬೇಕಂತೆ ಅಣ್ಣ ಎಂದು ಅವಳು ತಲೆ ಎತ್ತದೆ ಹೇಳಿದಳು. ತಿಮ್ಮೇಶ ನಾಗರಾಜುವಿನ ಕಡೆ ತಿರುಗಿದ.

"ಪಾಂಡವಪುರಕ್ಕೆ ನಾನು?"

"ಸುಮ್ನೆ ಬಿಸ್ಲಲ್ಲಿ ಯಾಕ್ ಅಲೀತೀಯ ಬುಡ್ಲಾ," ಎಂದ ನಾಗರಾಜು, ಎಲೆಗೆ ಸುಣ್ಣ ಸವರುತ್ತಾ. "ನಿನ್ ಸದ್ದೇ ಬತ್ತದಲ್ಲ."

ಕೊಳಲು, ಶಹನಾಯಿಯಂತೆ ಇನ್ನು ಒಂದು ಗುಂಡಿ ಒತ್ತಿದರೆ ತಿಮ್ಮೇಶ. ಚಪ್ಪಡಿಯನ್ನು ತಾನೇ ತಲೆಯ ಮೇಲೆ ಎಳೆದುಕೊಂಡಿದ್ದ, ಅದೂ ಮುದುಕಿಯ ಅಡಕತ್ತರಿ ಕಾಡಿ ಬೇಡಿ. ಉಪ್ಪಿಲ್ಲದ ಸಾರಿಗೆ ಉಪ್ಪು ಹಾಕಿಕೊಟ್ಟವನೂ ಅವನೇ. ಎದ್ದುಹೋಗಬಹುದಿತ್ತು. ಇಲ್ಲವೇ ತಂತಿ ಬಿಗಿಯುವ ಬಿರಡೆಯನ್ನು ಚೂರು ತಿರುಗಿಸಿ ಒಂದೊಂದು ಸ್ವರವನ್ನೂ ಒಂದೊಂದಿಷ್ಟು ಕೆಡಿಸಿ ಕೊಡಬಹುದಿತ್ತು. ಈಗ ಅನುವಿಗೆ ಗೊತ್ತಾಗುತ್ತಿರಲಿಲ್ಲ, ಪಾಂಡವಪುರದಲ್ಲಿ ಎಲ್ಲರಿಗೂ ಗೊತ್ತಾಗುತ್ತಿತ್ತು. ಕೈ ಬಿರಡೆಗೆ ಹೋಯಿತು. ಕಣ್ಣಲ್ಲಿ ನೀರಾಡಿದ್ದರಿಂದ ತಂತಿ ಮಂಜಾಗಿ ಕಾಣುತ್ತಿತ್ತು.

ಅನು ಎರಡನೆಯ ಸ್ವರಕ್ಕೆ ಕಾಯುತ್ತಿದ್ದಳು. ಮೀಟಿದ. ಸ್ವರ ಕೂದಲೆಳೆಯಷ್ಟು ಇಳಿದಿತ್ತು, ತಂತಿ ತಾನಾಗಿಯೇ ಸಡಿಲಗೊಂಡು. ಕೆಡಿಸಲು ಅವನು ಏನೂ ಮಾಡಬೇಕಿರಲಿಲ್ಲ. ಅನು ಸರಿಯಾಗಿದೆ ಎಂಬಂತೆ ತಲೆಯಾಡಿಸಿ ಮುಂದಿನದಕ್ಕೆ ಬೆರಳು ಸರಿಸಿದಳು.

ತಿಮ್ಮೇಶ ಅದೇ ತಂತಿಯನ್ನು ಇನ್ನೊಮ್ಮೆ ಮೀಟಿ ಕೇಳಿದ. ಆಮೇಲೆ ಬಿರಡೆ ತಿರುಗಿಸಿ ತಂತಿಯನ್ನು ಸರಿಯಾದ ಸ್ವರಕ್ಕೆ ಎಳೆದ.

"ಅದ್ನ ಅಳಿಸ್ಬುಡು ಅನು, ಸುಳ್ಳು ಸ್ವರ ಅದು," ಎಂದ. "ಇನ್ನೊಂದ್ಸಲ ತಗೊ."