ಕಚ್ಚಾ ಹೊಲಿಗೆ ಹಾಕಿದ ಭುಜ

ಗಂಡನ ಭುಜ ನೋವಿನಿಂದ ಹಿಡಿದುಕೊಂಡರೆ ಹೆಂಡತಿಯ ಸೊಂಟ ಬೀಳುತ್ತದೆ. ಇದು ಗಾದೆಯಲ್ಲ, ನಮ್ಮ ಮನೆಯ ಕಥೆ.

ನನ್ನ ಯಜಮಾನರು ಟೈಲರ್. ಮನೆಯ ಮುಂದಿನ ಕೋಣೆಯೇ ಅಂಗಡಿ. ಕೆಲವು ತಿಂಗಳಿಂದ ಅವರ ಬಲಗೈ ಮೇಲಕ್ಕೇ ಏಳುತ್ತಿರಲಿಲ್ಲ. ಗಿರಾಕಿಯ ಅಳತೆ ತೆಗೆಯುವಾಗ ಟೇಪಿನ ಒಂದು ತುದಿ ಅವರು ಹಿಡಿದರೆ ಇನ್ನೊಂದು ನಾನು ಹಿಡಿಯಬೇಕು. ಒಲೆಯ ಮೇಲೆ ಹಾಲಿಟ್ಟು ಓಡಿ ಬರಬೇಕು. ಅವರಿಗೆ ಅಂಗಿ ತೊಡಿಸಬೇಕು, ತಲೆ ಬಾಚಬೇಕು. ನನಗಂತೂ ಸಾಕುಸಾಕಾಗಿತ್ತು.

ಡಾಕ್ಟರು ಮಾತ್ರೆ ಕೊಟ್ಟು, ವ್ಯಾಯಾಮವನ್ನೂ ಮಾಡಿ ಎಂದಿದ್ದರು. ಇವರು ಮಾತ್ರೆ ನುಂಗಿದರು, ವ್ಯಾಯಾಮ ಬಿಟ್ಟರು. "ನೋಯೋ ಕೈನ ಎತ್ತು ಅಂದ್ರೆ ಹೇಗೆ ಎತ್ತಲಿ?" ಎನ್ನುವರು. ಅದೂ ನಿಜವೇ. ಕೊನೆಗೊಂದು ದಿನ ಕತ್ತರಿ ಕೆಳಗಿಟ್ಟು, "ಮಿಷನ್ ಮಾರ್ಬಿಡೋಣ" ಎಂದರು. ನಮಗೆ ಅನ್ನ ಹಾಕುತ್ತಿದ್ದ ಮಿಷನ್ ಅದು. ನನಗೆ ಅಳಲೂ ತ್ರಾಣವಿರಲಿಲ್ಲ.

ಪಕ್ಕದ ಮನೆಯ ಡ್ರೈವರಣ್ಣ ಹೊಲಿಯಲು ಕೊಟ್ಟ ಪ್ಯಾಂಟು ಕೇಳಿಕೊಂಡು ಬಂದವನು ಈ ಮಾತು ಕೇಳಿಸಿಕೊಂಡ.

"ನನ್ನ ಸೊಂಟ ಹಿಡ್ಕೊಂಡಾಗ ದೊಡ್ಡಾಸ್ಪತ್ರೆಗೆ ಹೋಗಿದ್ದೆ ಟೈಲರಣ್ಣ. ಅಲ್ಲಿ ಆಕ್ಯುಪಂಕ್ಚರ್ ಅಂತ ಸೂಜಿ ಹಾಕಿ ನೋವು ತಗ್ಗಿಸ್ತಾರೆ, ಜೊತೆಗೆ ವ್ಯಾಯಾಮನೂ ಮಾಡಿಸ್ತಾರೆ. ಎಲ್ಲರಿಗೂ ಹಿಡಿಸುತ್ತೆ ಅಂತಿಲ್ಲ. ನನಗೆ ಗುಣ ಕಾಣ್ತು."

"ಸೂಜಿನಾ?" ಇವರು ನಕ್ಕರು. "ಜೀವನವಿಡೀ ಸೂಜಿ ಚುಚ್ಚಿಸ್ಕೊಂಡೇ ಬದುಕಿದೀನಿ ಮಾರಾಯ. ಅದ್ರಿಂದ ನೋವು ಹೋಗೋದಾಗಿದ್ರೆ ಇಷ್ಟೊತ್ತಿಗೆ ಪೈಲ್ವಾನ್ ಆಗಿರ್ತಿದ್ದೆ."

"ರೀ, ಮಿಷನ್ ಮಾರೋಕೆ ಮುಂಚೆ ಒಂದ್ಸಲ ಹೋಗಿ ಬರೋಣ. ನನ್ನ ಕೈಲಿ ಇನ್ನಾಗಲ್ಲ" ಎಂದೆ. ನನ್ನ ಮುಖ ನೋಡಿ ಎದ್ದು ಚಪ್ಪಲಿ ಮೆಟ್ಟಿದರು.

ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಭುಜ ಪರೀಕ್ಷಿಸಿದರು. ಸಕ್ಕರೆ ಕಾಯಿಲೆ ಇದೆಯೇ, ರಕ್ತ ಹೆಪ್ಪುಗಟ್ಟದ ಹಾಗೆ ಮಾತ್ರೆ ತಗೊಳ್ಳುತ್ತೀರಾ ಎಂದೆಲ್ಲ ಕೇಳಿದರು. ಆಮೇಲೆ ಹೊಸ ಪೊಟ್ಟಣ ಒಡೆದು ಕೂದಲೆಳೆಯಂಥ ಸೂಜಿಗಳನ್ನು ಹಾಕಿದರು. "ಗುಂಡಿ ಹೊಲಿಯೋ ಸೂಜಿಗಿಂತ ವಾಸಿ" ಎಂದರು ಇವರು. ಪಕ್ಕದ ಕೋಣೆಯಲ್ಲಿ ಫಿಸಿಯೋಥೆರಪಿ ಮೇಡಂ ಶಾಖ ಕೊಟ್ಟು, ಗೋಡೆಯ ಮೇಲೆ ಬೆರಳು ನಡೆಸುತ್ತಾ ಕೈ ಮೇಲಕ್ಕೇರಿಸುವ ವ್ಯಾಯಾಮ ಹೇಳಿಕೊಟ್ಟರು. ಮನೆಯಲ್ಲಿ ದಿನವೂ ಮಾಡಿ, ಕೆಲಸ ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ ಎಂದರು.

ಕೆಲವು ಸಲ ಹೋಗಿ ಬಂದ ಮೇಲೆ ನೋವು ತಗ್ಗಿತು. ತಗ್ಗಿದ್ದೇ ತಡ, ನಮ್ಮ ಪೈಲ್ವಾನರು ವ್ಯಾಯಾಮ ಮರೆತು, ಬಾಕಿ ಬಿದ್ದಿದ್ದ ಯೂನಿಫಾರಂ ಬಟ್ಟೆಯನ್ನೆಲ್ಲ ಒಂದೇ ದಿನ ಕತ್ತರಿಸಿ ಹಾಕಿದರು. ಮಾರನೆಯ ದಿನ ಕೈ ಮತ್ತೆ ಮರದ ಕೊರಡು. "ಸೂಜಿನೂ ಸುಳ್ಳು, ಎಲ್ಲಾ ಸುಳ್ಳು" ಎಂದು ಗೋಡೆ ಕಡೆ ತಿರುಗಿ ಮಲಗಿದರು. ನಾನೇ ಎಬ್ಬಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಮೇಡಂ ಬೈಯಲಿಲ್ಲ. "ಅಣ್ಣಾ, ಕಚ್ಚಾ ಹೊಲಿಗೆ ಹಾಕಿದ ಅಂಗಿನ ಗಿರಾಕಿಗೆ ಕೊಡ್ತೀರಾ?"

"ಎಲ್ಲಾದ್ರೂ ಕೊಡ್ತಾರಾ? ಕೈ ಎತ್ತಿದ್ರೆ ಬಿಚ್ಕೊಳ್ಳುತ್ತೆ. ಅದರ ಮೇಲೆ ಮಿಷನ್ ಹೊಲಿಗೆ ಬೀಳಬೇಕು."

"ಸೂಜಿ ಚಿಕಿತ್ಸೆನೂ ಕಚ್ಚಾ ಹೊಲಿಗೆನೇ. ನೋವನ್ನ ಸ್ವಲ್ಪ ಹೊತ್ತು ತಡೆದಿಡುತ್ತೆ, ಅಷ್ಟೆ. ಆ ಹೊತ್ತಲ್ಲಿ ನೀವು ಮಾಡೋ ವ್ಯಾಯಾಮ ಇದೆಯಲ್ಲ, ಅದು ಮಿಷನ್ ಹೊಲಿಗೆ."

ಇವರು ತಲೆ ಕೆರೆದುಕೊಂಡರು, ಎಡಗೈಯಲ್ಲಿ.

ಅಂದಿನಿಂದ ಅಂಗಡಿಯ ಗೋಡೆಯ ಮೇಲೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದ ಗೆರೆಗಳು ಬಿದ್ದವು. ಬೆರಳು ಎಷ್ಟು ಮೇಲೆ ಹತ್ತಿತೋ ಅಲ್ಲಿಗೊಂದು ಗೆರೆ. ಕೆಲವು ವಾರ ಒಂದು ಕೂದಲಿನಷ್ಟೂ ಮೇಲೇರಲಿಲ್ಲ. ಇವರು ಗೊಣಗಿದರು, ನಾನು ಗೊಣಗಿದೆ, ವ್ಯಾಯಾಮ ಮಾತ್ರ ಬಿಡಲಿಲ್ಲ. ಆಮೇಲೆ ಗೆರೆಗಳು ನಿಧಾನವಾಗಿ ಮೇಲೇರತೊಡಗಿದವು.

ಮೊನ್ನೆ ಡ್ರೈವರಣ್ಣ ಹೊಸ ಅಂಗಿಗೆ ಅಳತೆ ಕೊಡಲು ಬಂದ. ನಾನು ಅಭ್ಯಾಸಬಲದಿಂದ ಟೇಪಿನ ತುದಿಗೆ ಕೈ ಚಾಚಿದೆ.

"ಬಿಡೇ, ನಾನೇ ಹಿಡೀತೀನಿ. ನೀನು ಕೂತ್ಕೋ" ಎಂದರು.

ಕೂತೆ. ಎಷ್ಟು ದಣಿದಿದ್ದೆ ಎಂದು ಕೂತ ಮೇಲೇ ಗೊತ್ತಾಯಿತು. ಆಗ ಕಣ್ಣಲ್ಲಿ ನೀರು ಬಂತು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಹೀಗೆ ನೋವು ನುಂಗಿಕೊಂಡಿರುವವರು ಇದ್ದರೆ ಮೊದಲು ಡಾಕ್ಟರಿಗೆ ತೋರಿಸಿ. ಆಕ್ಯುಪಂಕ್ಚರ್ ನಿಮಗೆ ಹೊಂದುತ್ತದೆಯೇ ಎಂದು ಅವರನ್ನೇ ಕೇಳಿ. ತರಬೇತಿ ಪಡೆದವರ ಬಳಿ, ಹೊಸ ಸೂಜಿಯಲ್ಲೇ ಮಾಡಿಸಿಕೊಳ್ಳಿ. ಬಸಿರಿದ್ದರೆ, ಬೇರೆ ಔಷಧಿ ತಗೊಳ್ಳುತ್ತಿದ್ದರೆ ಮುಚ್ಚಿಡಬೇಡಿ. ಆ ಔಷಧಿಯನ್ನು ನೀವಾಗಿಯೇ ನಿಲ್ಲಿಸಲೂಬೇಡಿ. ನೋವು ತಗ್ಗಿತೆಂದು ವ್ಯಾಯಾಮ ಬಿಡಬೇಡಿ. ಕಚ್ಚಾ ಹೊಲಿಗೆಯ ಅಂಗಿ ತೊಟ್ಟು ಯಾರೂ ಬೀದಿಗಿಳಿಯಬೇಡಿ.