ಅಪ್ಪನಿಗೆ ಹಾಕದ ಎಲೆ

ಹೊನ್ನಾವರದ ಕಾಲೇಜಿನಲ್ಲಿ ನಮಗೊಂದು ಆಫ್ರಿಕಾದ ನಾಟಕ ಪಠ್ಯವಾಗಿತ್ತು. ಅದರಲ್ಲಿ ಯೊರುಬಾ ಜನರ ಸತ್ತ ಹಿರಿಯರು ವರ್ಷಕ್ಕೊಮ್ಮೆ ಬಣ್ಣದ ಬಟ್ಟೆಯ ವೇಷಗಳಾಗಿ ಮನೆಯಂಗಳಕ್ಕೆ ಬರುತ್ತಾರೆ. ನದಿಯಲ್ಲಿ ಮುಳುಗಿದ ಒಬ್ಬ ಮಾತ್ರ ಬರುವುದಿಲ್ಲ. ಅವನು ಸತ್ತನೆಂದು ಒಪ್ಪದ ಹೆಂಡತಿ ಅವನನ್ನು ಕರೆಯುವುದೇ ಇಲ್ಲ.

"ಅವನೇಕೆ ಬರಲಿಲ್ಲ? ಪರೀಕ್ಷೆಯಲ್ಲಿ ಈ ಪ್ರಶ್ನೆ ಐದು ಅಂಕಕ್ಕೆ ಬಂದೇ ಬರುತ್ತದೆ" ಎಂದು ಮೇಷ್ಟ್ರು ಉತ್ತರ ಬರೆಸಿದರು.

ಹೊಳೆಯಾಚೆಯ ಕಾಸರಕೋಡಿನ ನಮ್ಮ ಅಂಗಳದಲ್ಲಿ ಮೀನು ಒಣಗಿಸುತ್ತಿದ್ದ ಅಮ್ಮನಿಗೆ, ನಮ್ಮ ಆಯಿಗೆ, ಆ ಕಥೆಯನ್ನೆಲ್ಲ ಕನ್ನಡದಲ್ಲಿ ಬಿಡಿಸಿ ಹೇಳಿದವಳು ನಾನೇ. ಕಲಿತವಳೆಂಬ ಜಂಬ, ಹಾಳು ಬಾಯಿ.

ಮೂರು ವರ್ಷದ ಹಿಂದೆ ಅಪ್ಪನ ದೋಣಿ ಹೊಳೆ ಕಡಲು ಸೇರುವ ಅಳಿವೆಯಲ್ಲಿ ಮಗುಚಿತ್ತು. ಹೆಣ ಸಿಗಲಿಲ್ಲ. ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆಲ್ಲ ಎಡೆ ಇಡುವ ಆಯಿ ಅಪ್ಪನಿಗೆ ಮಾತ್ರ ಎಲೆ ಹಾಕುತ್ತಿರಲಿಲ್ಲ. ಯಾರಾದರೂ ಕೇಳಿದರೆ, "ಜೀವ ಇದ್ದವ್ರಿಗೆ ಎಂತಕ್ಕೆ ಎಡೆ?" ಎಂದು ಹರಿಹಾಯುತ್ತಿದ್ದಳು.

ಅಂದು ಕಥೆ ಕೇಳಿ, "ಕರೀದಿದ್ರೆ ಅವ ಎಲ್ಲಿರ್ತ?" ಎಂದಳು.

"ನೀರಲ್ಲೇ ಅಲೀತಾ ಇರ್ತ, ಯಾರ್ ಮನೆಗೂ ಸೇರೂದಿಲ್ಲ," ಎಂದೆ. ಮೇಷ್ಟ್ರು ಬರೆಸಿದ್ದೂ ಅದನ್ನೇ.

ಆಯಿ ಕೈಯಲ್ಲಿದ್ದ ಮೀನನ್ನು ಮಗುಚಿ ಹಾಕಿದಳು. "ಆತು," ಎಂದಳು.

ಈ ಅಮಾವಾಸ್ಯೆಗೆ ಅವಳು ಒಂದು ಎಲೆ ಹೆಚ್ಚಿಗೆ ಹಾಕಿದಳು. ಬಂಗಡೆ ಬಡಿಸಿ, ಹೆಂಡತಿಯಾಗಿ ಎಂದೂ ಬಾಯಿಬಿಟ್ಟು ಹೇಳದ ಅಪ್ಪನ ಹೆಸರು ಹಿಡಿದು ಕರೆದಳು. ಆಮೇಲೆ ಕುಂಕುಮ ಒರೆಸಿಕೊಂಡಳು.

ಮೂರು ವರ್ಷ ನಮ್ಮ ಮನೆಯಲ್ಲಿ ಬದುಕಿದ್ದ ಅಪ್ಪ ನನ್ನ ಐದು ಅಂಕದ ಉತ್ತರಕ್ಕೆ ಸತ್ತ.

ಆ ಪ್ರಶ್ನೆ ಪರೀಕ್ಷೆಗೆ ಬರಲೇ ಇಲ್ಲ.