ಗಾಸಿಪ್ ಬೆಂಚು

೧೯೯೧ರ ಮಾರ್ಚ್ ೧೪, ಗುರುವಾರ, ಬೆಳಿಗ್ಗೆ ಹತ್ತೂಕಾಲು ಗಂಟೆಗೆ ನನಗೆ ನಾಲ್ಕನೆಯ ಕಾಲು ಕೂಡಿತು. ನಾನು ಒಂದು ಬೆಂಚು. ಹಾವೇರಿಯ ಬಡಿಗ ಈರಣ್ಣ ಮತ್ತಿಮರದ ಹಲಗೆಯಲ್ಲಿ ನನ್ನನ್ನು ಮಾಡಿ ಟೇಲರ್ ಮೌಲಾಸಾಬರಿಗೆ ಕೊಟ್ಟ. ಕುಪ್ಪಸದ ಅಳತೆ ಕೊಡಲು ಬಂದ ಹೆಂಗಸರು ನನ್ನ ಮೇಲೆ ಕುಳಿತು ಮಾತಾಡುವಾಗ, ಊರಿನ ಮದುವೆಗಳೆಲ್ಲ ಲಗ್ನಪತ್ರಿಕೆಗಿಂತ ಮೊದಲೇ ನನಗೆ ತಿಳಿಯುತ್ತಿದ್ದವು. ಅಂಗಡಿ ಮುಚ್ಚಿದಾಗ ಸಾಬರು ನನ್ನನ್ನು ಒಂದು ಸಣ್ಣ ಹೆರಿಗೆ ಆಸ್ಪತ್ರೆಗೆ ಕೊಟ್ಟುಬಿಟ್ಟರು.

ಇಲ್ಲಿಯೂ ಮಾತಿಗೆ ಬರವಿರಲಿಲ್ಲ. ಯಾರ ಸೊಸೆ ತವರಿಗೆ ಹೋದಳು, ಯಾರ ಮನೆಗೆ ಫ್ರಿಜ್ ಬಂತು ಎಂಬ ಸದ್ದು ತಾಳಲಾರದೆ ಸಿಸ್ಟರ್ ಫಿಲೋಮಿನಾ ಈ ವರ್ಷ ಗೋಡೆಗೆ ಬೋರ್ಡು ಹಾಕಿಸಿದರು: ‘ಇಲ್ಲಿ ಗಾಸಿಪ್ ನಿಷೇಧ.’

“ಗ್ಯಾಸ್ ಇರಬೇಕ್ರಿ. ಸಿಲಿಂಡರ್ ತರಬ್ಯಾಡ್ರಿ ಅಂತ ಬರದಾರ,” ಎಂದು ನನ್ನ ಮೇಲೆ ಕುಳಿತಿದ್ದ ಮಾಬೂಬಿ ಪಕ್ಕದವರಿಗೆ ತಿಳಿಸಿ, ತನ್ನ ಮಾತು ಮುಂದುವರಿಸಿದಳು.

ಅವಳು ನೆರೆಮನೆಯ ರತ್ನವ್ವನನ್ನು ಹೆರಿಗೆಗೆ ಕರೆತಂದಿದ್ದಳು. ರತ್ನವ್ವನಿಗೆ ತಾಯಿಯಿಲ್ಲ, ಗಂಡ ಲಾರಿ ತೆಗೆದುಕೊಂಡು ನಾಗಪುರಕ್ಕೆ ಹೋಗಿದ್ದ. ಚೊಚ್ಚಲು. ಹೆದರಿದ ಹುಡುಗಿ ಒಳಗಿನಿಂದ “ಮಾಬೂಬಕ್ಕಾ” ಎಂದು ಕರೆಯುತ್ತಲೇ ಇದ್ದಳು. ಮಾಬೂಬಿ ಮಾತು ಬಿಟ್ಟು ಎದ್ದು ಬಾಗಿಲಿಗೆ ಹೋದರೆ ಸಿಸ್ಟರ್ ಅಡ್ಡ ನಿಂತರು.

“ನೀ ಆಕಿಗೆ ಏನಾಗಬೇಕು?”

“ಏನೂ ಆಗಂಗಿಲ್ರಿ. ಬಾಜೂ ಮನಿಯಾಕಿ.”

“ಒಳಗ ಸಂಬಂಧಿಕರಿಗೆ ಅಷ್ಟ. ನೀ ಹೊರಗ ಕೂತು ಗಾಸಿಪ್ ಮಾಡವ್ವಾ.”

ಹಿಂದೆ ಬರುತ್ತಿದ್ದ ಡಾಕ್ಟರ್ ಹೊಸಮನಿ ಮೇಡಂ ನಕ್ಕರು. ಆ ಪದದ ಹಳೆಯ ರೂಪ ‘ಗಾಡ್‌ಸಿಬ್’, ಅಂದರೆ ದೇವರ ಮೂಲಕ ಬಂದ ನಂಟು, ಎಂದರು. ಚರ್ಚಿನಲ್ಲಿ ಮಗುವಿನ ದೀಕ್ಷಾಸ್ನಾನದ ಹೊತ್ತಿಗೆ ಅದರ ಹೊಣೆ ಹೊತ್ತು ನಿಂತವರನ್ನು ಇಂಗ್ಲಿಷಿನವರು ಹಿಂದೆ ಹಾಗೆ ಕರೆಯುತ್ತಿದ್ದರಂತೆ, ರಕ್ತಸಂಬಂಧ ಬೇಕಿರಲಿಲ್ಲ. ಮುಂದೆ ಹೆರಿಗೆಯಲ್ಲಿ ಜೊತೆಗಿರಲು ಬಂದ ಗೆಳತಿಯರಿಗೂ ಅದೇ ಹೆಸರಾಯಿತು. ಕೊನೆಗೆ ಅವರ ಹರಟೆಗೇ ಅಂಟಿಕೊಂಡಿತು.

“ನಿಮ್ಮ ಚರ್ಚಿನ ಗಾಡ್‌ಮದರ್ ಇದ್ದಂಗ, ಸಿಸ್ಟರ್. ಸಂಬಂಧ ಅದ. ಬಿಡ್ರಿ ಒಳಗ.”

ಸಿಸ್ಟರ್ ಬಾಗಿಲು ಬಿಟ್ಟರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಫ್ರಿಜ್ಜಿನ ಕಥೆ ಕೇಳಿಸಿತು. ನೋವಿನ ನಡುನಡುವೆ ರತ್ನವ್ವ ನಗುವುದೂ ಕೇಳಿಸಿತು.

ನನಗೀಗ ವಯಸ್ಸಾಗಿದೆ, ಕೀಲುಗಳು ಸಡಿಲ. ಆದರೂ ಈ ಮೂಲೆ ನನಗೆ ಹಿತವಾಗಿದೆ. ನಾನು ಕೇಳಿದ ಮಾತುಗಳಲ್ಲಿ ಸುಳ್ಳೆಷ್ಟು ಎಂದು ಅಳೆಯಲಾರೆ. ಕಾಯುವವರನ್ನು ಅವೂ ನನ್ನಂತೆಯೇ ಕೂರಿಸಿಕೊಂಡವು, ಅಷ್ಟು ಗೊತ್ತು. ಸಂಜೆ ಮಾಬೂಬಿ ಹೊರಬಂದು, ಬಟ್ಟೆಯಲ್ಲಿ ಸುತ್ತಿದ ಹೆಣ್ಣುಮಗುವನ್ನು ಮಡಿಲಲ್ಲಿಟ್ಟುಕೊಂಡು ನನ್ನ ಮೇಲೆ ಕುಳಿತಳು. ಮಗುವಿನ ತೂಕ ಎರಡು ಕಿಲೋ ಏಳುನೂರ ನಲವತ್ತು ಗ್ರಾಂ.